ಹಾಯಿದೋಣಿಯ ಸಂಸಾರ

ಕಡಲಿನ ಮೇಲೆ ಸಂಸಾರ ಹೂಡುವುದೆಂದರೆ ಬೆಳುದಿಂಗಳು, ತಂಗಾಳಿ ಎಂದೇ ನಾವು ಎಣಿಸಿದ್ದೆವು. ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿಗಳ ವೃತ್ತಾಂತ ಓದಿದ ಮೇಲೆ ಆ ಭ್ರಮೆ ಹರಿಯಿತು. ಕ್ಯಾಲಿಫೋರ್ನಿಯದಲ್ಲಿ ತಾವೇ ಕಟ್ಟಿ 1968ರಲ್ಲಿ ನೀರಿಗಿಳಿಸಿದ ಅವರ ‘ಸೆರಾಫಿನ್’ ಬರಿಯ 24 ಅಡಿಯದು; ಎಂಜಿನ್ನೂ ಇಲ್ಲ. ಅದರಲ್ಲೇ 11 ವರ್ಷ ತಿರುಗಿ ಭೂಮಿಯನ್ನು ಸುತ್ತಿಬಂದರು. ಖರ್ಚಿಗೆ? ಬಂದರುಗಳಲ್ಲಿ ಇತರರ ದೋಣಿಗಳ ರಿಪೇರಿ!

ಸ್ವಂತ ದೋಣಿಯ ಚಾಕರಿಗಂತೂ ಕೊನೆಯಿಲ್ಲ. ಬಿಸಿಲಿಗೆ ಹಾಯಿಯ ಹೊಲಿಗೆ ಬಿಡುತ್ತದೆ, ಹಗ್ಗ ಸವೆಯುತ್ತದೆ, ತಳಕ್ಕೆ ಚಿಪ್ಪು ಹತ್ತಿ ಓಟ ಕುಂದುತ್ತದೆ. ಇಂದಿನ ಉದಾಸೀನ ನಾಳಿನ ಬಿರುಗಾಳಿಯಲ್ಲಿ ಪ್ರಾಣಕ್ಕೇ ಸಂಚಕಾರ. ರಾತ್ರಿ ಒಬ್ಬರು ಮಲಗಿದರೆ ಇನ್ನೊಬ್ಬರು ಕಾವಲು. ಮುನಿಸಿಕೊಂಡು ತವರಿಗೆ ಹೊರಡೋಣವೆಂದರೆ ಸುತ್ತಲೂ ನೀರು! ಒಂದೇ ಕೋಣೆಯಲ್ಲಿ ಸಂಸಾರ ತೂಗಿಸಿದ ನಮ್ಮ ಓದುಗರಿಗೆ ಈ ಕಷ್ಟಸುಖ ಬಿಡಿಸಿ ಹೇಳಬೇಕಾಗಿಲ್ಲ.