ಅರ್ಥದ ಪಟ್ಟಿಯೋ, ಅರ್ಥದ ಬುದ್ಧಿಯೋ?

ನಮ್ಮ ದಾವಣಗೆರೆ ಹರಿಹರಗಳ ಮನೆಮನೆಗಳಲ್ಲಿ ಸಂಜೆಯ ಹೊತ್ತು ಒಂದು ಪಾರಾಯಣವು ಕೇಳಿಬರುತ್ತದೆ. ಅದು ಪಾಠದ ಕೊನೆಯಲ್ಲಿ ಅಚ್ಚಾಗಿರುವ ‘ಪದಗಳ ಅರ್ಥ’ವೆಂಬ ಪಟ್ಟಿಯ ಪಾರಾಯಣ. ಎಡಗಡೆಗೊಂದು ಪದ, ಬಲಗಡೆಗೊಂದು ಪದ, ನಡುವೆ ಒಂದು ಗೀಟು. ಬಾಲಕನು ಅದನ್ನು ಉರು ಹೊಡೆಯುತ್ತಾನೆ, ತಾಯಿ ಒಪ್ಪಿಸಿಕೊಳ್ಳುತ್ತಾಳೆ, ಉಪಾಧ್ಯಾಯರು ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ, ಅಂಕಗಳು ಬರುತ್ತವೆ. ಎಲ್ಲರಿಗೂ ತೃಪ್ತಿ. ಈ ತೃಪ್ತಿಯೇ ನಮ್ಮ ಭಾಷಾಶಿಕ್ಷಣಕ್ಕೆ ತಗುಲಿರುವ ರೋಗವೆಂದು ನಾನು ಹೇಳುತ್ತೇನೆ.

ಪಟ್ಟಿಯಲ್ಲಿರುವುದು ಹತ್ತು ಪದ. ಬಾಲಕನು ಮುಂದೆ ಬಾಳಿನಲ್ಲಿ ಎದುರಿಸಬೇಕಾದ ಪದಗಳಿಗೆ ಲೆಕ್ಕವುಂಟೇ? ಪಟ್ಟಿಯಿಲ್ಲದ ಪುಸ್ತಕವು ಕೈಗೆ ಬಂದಾಗ ಅವನು ಮೊದಲನೆಯ ಅಪರಿಚಿತ ಪದದ ಬಳಿಯಲ್ಲಿಯೇ ನಿಂತುಬಿಡುತ್ತಾನೆ. ಎರಡನೆಯದರ ಬಳಿ ಪುಸ್ತಕವನ್ನು ಮುಚ್ಚುತ್ತಾನೆ. ನಮ್ಮ ಲಿಪಿಯ ಒಂದು ಗುಣವೇ ಇಲ್ಲಿ ದೋಷವನ್ನು ಮರೆಮಾಡುವುದು. ಬರೆದಂತೆ ಓದುವ ಲಿಪಿ ನಮ್ಮದು. ಆದುದರಿಂದ ಅರ್ಥದ ಗಂಧವಿಲ್ಲದ ಮಗುವೂ ಇಡೀ ಪುಟವನ್ನು ಎಡವದೆ ಓದಿಬಿಡಬಲ್ಲುದು. ಕೇಳಿದ ತಂದೆ ‘ಮಗು ಚೆನ್ನಾಗಿ ಓದುತ್ತದೆ’ ಎಂದು ಹಿಗ್ಗುತ್ತಾನೆ. ನಾಲಗೆ ಓದಿತು, ಬುದ್ಧಿ ಓದಲಿಲ್ಲವೆಂಬುದು ಯಾರಿಗೂ ತಿಳಿಯುವುದಿಲ್ಲ.

ಒಂದು ಪದಕ್ಕೆ ಒಂದು ಅರ್ಥವೆಂಬ ಪಟ್ಟಿಯ ತತ್ತ್ವವೇ ಸುಳ್ಳು. ತುಂಗಭದ್ರೆಯ ದಡದಲ್ಲಿರುವವರಿಗೆ ಇದನ್ನು ವಿವರಿಸಬೇಕೆ? ಹೊಳೆ ಹರಿಯಿತು, ಬಟ್ಟೆ ಹರಿಯಿತು, ಬೆಳಕು ಹರಿಯಿತು, ಸಾಲ ಹರಿಯಿತು. ಈ ನಾಲ್ಕು ‘ಹರಿ’ಗಳಿಗೆ ಪಟ್ಟಿಯ ಬಲಗಡೆಯಲ್ಲಿ ಯಾವ ಒಂದು ಪದವನ್ನು ಬರೆಯುವಿರಿ? ಒಕ್ಕಲು ಮನೆಯ ಮಗುವಿಗೆ ಕಣವೆಂದರೆ ಬತ್ತ ಬಡಿಯುವ ಜಾಗ. ವಿಜ್ಞಾನದ ಪುಸ್ತಕದಲ್ಲಿ ಅದೇ ಕಣ ಅತಿ ಸೂಕ್ಷ್ಮವಾದ ವಸ್ತು. ಪತ್ರಿಕೆಯಲ್ಲಿ ಅದೇ ಚುನಾವಣೆಯ ಕಣ. ಇವುಗಳನ್ನು ಬೇರ್ಪಡಿಸುವುದು ಸುತ್ತಲಿನ ಮಾತುಗಳೇ ಹೊರತು ಬೇರೊಂದಲ್ಲ.

ಇದೇನು ಪಾಶ್ಚಾತ್ಯರಿಂದ ಕಡ ತಂದ ಹೊಸ ಮಾತೆಂದು ಹುಬ್ಬೇರಿಸುವವರಿಗೆ ನಮ್ಮ ಶಾಸ್ತ್ರವನ್ನೇ ತೋರಿಸುತ್ತೇನೆ. ಸುಮಾರು 5ನೆಯ ಶತಮಾನದ ಭರ್ತೃಹರಿಯು ವಾಕ್ಯಪದೀಯದಲ್ಲಿ, ಅನೇಕಾರ್ಥವುಳ್ಳ ಶಬ್ದವು ಒಂದು ಅರ್ಥದಲ್ಲಿ ನೆಲೆಗೊಳ್ಳುವುದಕ್ಕೆ ಸಂಯೋಗ, ವಿಯೋಗ, ಸಾಹಚರ್ಯ, ವಿರೋಧ, ಪ್ರಕರಣ, ಔಚಿತ್ಯ, ದೇಶ, ಕಾಲ ಮೊದಲಾದ ಕಾರಣಗಳನ್ನು ಎಣಿಸಿದ್ದಾನೆ. ಸಂಯೋಗಕ್ಕೆ ಆಲಂಕಾರಿಕರು ಕೊಡುವ ಉದಾಹರಣೆ ನಮ್ಮ ಹರಿಹರಕ್ಕೆಂದೇ ಹೇಳಿದಂತಿದೆ. ‘ಹರಿ’ಯೆಂದರೆ ವಿಷ್ಣು, ಇಂದ್ರ, ಸಿಂಹ, ಕುದುರೆ, ಕಪಿ, ಕಪ್ಪೆ, ಆದರೆ ಶಂಖಚಕ್ರಗಳೊಡನೆ ಕೂಡಿದ ಹರಿಯು ವಿಷ್ಣುವೇ. ಪ್ರಕರಣಕ್ಕೆ ‘ಸೈಂಧವ’ವೇ ಪ್ರಸಿದ್ಧ ನಿದರ್ಶನ: ಊಟಕ್ಕೆ ಕುಳಿತವನು ‘ಸೈಂಧವ ತಾ’ ಎಂದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಎಂದರೆ ಕುದುರೆ. ಇನ್ನು ಶಬ್ದದ ಅರ್ಥವನ್ನು ಮೊದಲು ಅರಿಯುವ ಬಗೆ ಯಾವುದು? ನ್ಯಾಯಸಿದ್ಧಾಂತಮುಕ್ತಾವಳಿಯಲ್ಲಿ ಬರುವಂತೆ ಅದಕ್ಕೆ ಎಂಟು ಸಾಧನಗಳು: ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವರಣೆ, ತಿಳಿದ ಪದದ ಸಾನ್ನಿಧ್ಯ. ಎಂಟರಲ್ಲಿ ಕೋಶವು ಒಂದು. ಮಾವಿನ ಮರದಲ್ಲಿ ‘ಪಿಕ’ವು ಇಂಪಾಗಿ ಕೂಗುತ್ತಿದೆಯೆಂದು ಕೇಳಿದವನು, ಆ ಪದವನ್ನು ಎಂದೂ ಕೇಳದವನಾದರೂ, ಅದು ಕೋಗಿಲೆಯೆಂದು ತಿಳಿಯುತ್ತಾನೆ. ಉಳಿದ ಏಳು ಬಾಗಿಲುಗಳನ್ನು ಮುಚ್ಚಿ ಒಂದೇ ಕಿಂಡಿಯಿಂದ ಮಕ್ಕಳನ್ನು ನುಗ್ಗಿಸುತ್ತಿರುವವರು ನಾವು.

‘ಪಾಠಶಾಲೆಯಲ್ಲಿ ನೀವು ಅಮರಕೋಶವನ್ನು ಬಾಯಿಪಾಠ ಮಾಡಲಿಲ್ಲವೇ?’ ಎಂದು ಕೇಳುವವರುಂಟು. ಮಾಡಿದೆವು, ಅದರಿಂದ ಲಾಭವೂ ಆಯಿತು. ಆದರೆ ಪಾಠವು ಅಲ್ಲಿಗೆ ಮುಗಿಯುತ್ತಿರಲಿಲ್ಲ. ಕಾವ್ಯಕ್ಕೆ ಬಂದೊಡನೆ ಗುರುಗಳು ಅನ್ವಯವನ್ನು ಹಿಡಿಯುತ್ತಿದ್ದರು: ಯಾರು? ಏನು ಮಾಡಿದನು? ಯಾವುದನ್ನು? ಎಂಥದನ್ನು? ಪ್ರಶ್ನೆಯಿಂದ ಪ್ರಶ್ನೆಗೆ ಏರುತ್ತ ಪದವು ತನ್ನ ಅರ್ಥವನ್ನು ತಾನೇ ಒಪ್ಪಿಸುತ್ತಿತ್ತು. ಅಮರಸಿಂಹನೇ ತನ್ನ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗವನ್ನು ಇರಿಸಿದ್ದಾನೆ. ಕೋಶವು ಅರ್ಥಗಳನ್ನು ಸಾಲಾಗಿ ನಿಲ್ಲಿಸಬಲ್ಲುದು, ಆರಿಸಿಕೊಳ್ಳುವವನು ಓದುಗನೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವನ್ನಾಗಲಿ, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟನ್ನಾಗಲಿ ತೆರೆದು ನೋಡಿರಿ: ಅರ್ಥದ ಜೊತೆಗೆ ಪ್ರಯೋಗಗಳಿವೆ. ಕೋಶಕಾರರೇ ಪ್ರಯೋಗದಿಂದ ಅರ್ಥವನ್ನು ಕಂಡುಕೊಂಡಿರುವಾಗ ನಮ್ಮ ಮಕ್ಕಳಿಗೆ ಮಾತ್ರ ಆ ದಾರಿ ನಿಷಿದ್ಧವೇ?

ಇನ್ನೊಂದು ಆಕ್ಷೇಪವು ಇದಕ್ಕಿಂತ ಬಲವುಳ್ಳದ್ದು: ಊಹೆಯು ತಪ್ಪಿದರೆ ಗತಿಯೇನು? ದಿಟ. ಅಮೆರಿಕದ ಕೆನೆತ್ ಗುಡ್‌ಮನ್ನರು 1967ರಲ್ಲಿ ಓದುವುದನ್ನೇ ಒಂದು ಊಹೆಯ ಆಟವೆಂದು ಕರೆದರು. ಅದನ್ನು ನಂಬಿದ ಶಾಲೆಗಳಲ್ಲಿ ಚಿತ್ರವನ್ನು ನೋಡಿ ಅಕ್ಷರವನ್ನೇ ಊಹಿಸುವ ಅಭ್ಯಾಸವು ಬೆಳೆದು ಮಕ್ಕಳಿಗೆ ಕೇಡಾಯಿತು. ನಾನು ಹೇಳುತ್ತಿರುವುದು ಅದನ್ನಲ್ಲ. ಅಕ್ಷರವನ್ನು ಊಹಿಸಬಾರದು, ಓದಬೇಕು. ಓದಿದ ಪದದ ಅರ್ಥವನ್ನು ವಿಚಾರಿಸಬೇಕು. ಮಕ್ಕಳು ಎಂದಿನಂತೆ ಓದುತ್ತ ಹೋಗುವಾಗ ಎದುರಾಗುವ 100 ಅಪರಿಚಿತ ಪದಗಳಲ್ಲಿ ಸುಮಾರು 15ನ್ನು ಮಾತ್ರ ಕಲಿಯುತ್ತಾರೆಂದು ಸ್ವಾನ್‌ಬಾರ್ನ್ ಮತ್ತು ದೆ ಗ್ಲಾಪ್ಪರ್ ಎಂಬ ವಿದ್ವಾಂಸರು 1999ರಲ್ಲಿ ಹಲವು ಪರಿಶೋಧನೆಗಳನ್ನು ಒಟ್ಟುಗೂಡಿಸಿ ತೋರಿಸಿದರು. ಇದನ್ನು ಹಿಡಿದು ‘ನೋಡಿರಿ, ಸಂದರ್ಭದಿಂದ ಆಗುವುದು ಇಷ್ಟೇ’ ಎನ್ನುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಬಹಳ ಓದುವ ಮಗುವಿಗೆ ಈ ಸ್ವಲ್ಪವೇ ವರ್ಷದಿಂದ ವರ್ಷಕ್ಕೆ ರಾಶಿಯಾಗುವುದು. ಮತ್ತು ತಾನಾಗಿ ಬರುವುದು ಇಷ್ಟಾದುದರಿಂದಲೇ ಅದನ್ನು ಕ್ರಮವಾಗಿ ಕಲಿಸಬೇಕಾಗಿದೆ.

ಕ್ರಮವೇನು ಕಷ್ಟವಾದುದಲ್ಲ. ಈ ವಾಕ್ಯವನ್ನು ಮಗುವಿನ ಮುಂದಿಡಿರಿ: ‘ಮಳೆ ಕೈಕೊಟ್ಟಿತು, ಭದ್ರಾ ನಾಲೆಯ ನೀರು ಕೊನೆಯ ಹೊಲಗಳನ್ನು ಮುಟ್ಟಲಿಲ್ಲ, ಪೈರು ಮ್ಲಾನವಾಯಿತು.’ ಮೊದಲು, ಪದದ ಬಳಿ ನಿಲ್ಲದೆ ಮುಂದಿನ ಮಾತನ್ನೂ ಹಿಂದಿನ ಮಾತನ್ನೂ ಓದಿಸಿರಿ. ಎರಡನೆಯದಾಗಿ, ಸಂಧಿ ಸಮಾಸ ಪ್ರತ್ಯಯಗಳನ್ನು ಬಿಡಿಸಬಹುದೇ ಎಂದು ನೋಡಿಸಿರಿ. ‘ಜಲಾಶಯ’ದಂಥ ಪದಗಳು ಅಲ್ಲಿಯೇ ಗುಟ್ಟನ್ನು ಬಿಟ್ಟುಕೊಡುವುವು. ಮೂರನೆಯದಾಗಿ, ತಿಳಿದ ಒಂದು ಪದವನ್ನು ಆ ಜಾಗದಲ್ಲಿಟ್ಟು ಓದಿಸಿರಿ. ಮಗು ‘ಒಣಗಿತು’ ಎನ್ನಬಹುದು, ‘ಬಾಡಿತು’ ಎನ್ನಬಹುದು. ಆಮೇಲೆ ಕೋಶವನ್ನು ತೆರೆಯಿರಿ. ಯಾವುದು ಸರಿಯೆಂದು ಅದು ತೀರ್ಪು ಕೊಡಲಿ. ‘ಮಾತು ಕೇಳಿ ಅವನ ಮುಖ ಮ್ಲಾನವಾಯಿತು’ ಎಂಬ ಇನ್ನೊಂದು ವಾಕ್ಯವನ್ನು ಮರುದಿನ ಕೊಡಿರಿ. ಹೀಗೆ ದುಡಿದು ಪಡೆದ ಪದವು ಮರೆಯುವುದು ಅಪರೂಪ. ಔಷಧದ ಸೂಚನೆ, ನ್ಯಾಯಾಲಯದ ಪತ್ರ, ಸಾಲದ ಕರಾರು ಇಂಥವುಗಳಲ್ಲಿ ಮಾತ್ರ ಊಹೆಯು ಸಲ್ಲದು, ಕೇಳಿಯೇ ತಿಳಿಯಬೇಕೆಂಬುದನ್ನೂ ಜೊತೆಗೇ ಕಲಿಸಿರಿ. ತನಗೆ ಯಾವುದು ಖಚಿತವಾಗಿ ತಿಳಿದಿಲ್ಲವೆಂದು ಅರಿಯುವುದೂ ಓದಿನ ಒಂದು ಅಂಗ.

ಆದುದರಿಂದ ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆ: ಪಟ್ಟಿಯು ಪುಸ್ತಕದಲ್ಲಿರಲಿ, ಪರೀಕ್ಷೆಯಲ್ಲಿ ಬೇಡ. ಪಾಠದಲ್ಲಿಲ್ಲದ ಒಂದು ಹೊಸ ವಾಕ್ಯವನ್ನು ಕೊಟ್ಟು, ಅಲ್ಲಿಯ ಹೊಸ ಪದದ ಅರ್ಥವನ್ನೂ ಅದು ಹೇಗೆ ಹೊಳೆಯಿತೆಂಬುದನ್ನೂ ಕೇಳಿರಿ. ತಾಯಿತಂದೆಗಳಲ್ಲಿ ವಿಜ್ಞಾಪನೆ: ಮಗು ‘ಇದಕ್ಕೇನರ್ಥ?’ ಎಂದೊಡನೆ ಉತ್ತರವನ್ನು ಬಾಯಿಗೆ ಹಾಕಬೇಡಿರಿ. ಮೊಬೈಲನ್ನೂ ಕೈಗೆ ಕೊಡಬೇಡಿರಿ. ‘ಇನ್ನೊಮ್ಮೆ ಓದು, ನಿನಗೇನು ತೋರುತ್ತದೆ?’ ಎಂದು ಕೇಳಿರಿ. ಇದಕ್ಕೆ ಖರ್ಚಿಲ್ಲ, ತುಸು ತಾಳ್ಮೆ ಬೇಕು. ಅಷ್ಟನ್ನೂ ಕೊಡಲಾರೆವಾದರೆ, ಮಕ್ಕಳು ಕನ್ನಡ ಪುಸ್ತಕವನ್ನು ಮುಟ್ಟುವುದಿಲ್ಲವೆಂದು ಮರುಗುವ ಅಧಿಕಾರವು ನಮಗಿಲ್ಲ.