ಅಡ್ಡ ನಿಂತ ಕಾರು ಮತ್ತು ನಮ್ಮ ‘ಅಡ್ಡಿಲ್ಲೆ’

ಬಹಳ ದಿನ ಆಯ್ತು ಇಲ್ಲಿ ಬರೆಯದೆ. ಮಳೆ, ಕರೆಂಟು, ನೆಟ್ಟು, ಜೊತೆಗೆ ನನ್ನ ಸೋಮಾರಿತನ... ನೆಪಕ್ಕೇನು ಬರ ಇಲ್ಲ ಬಿಡಿ. ಇವತ್ತು ಬರೆಯೋಕೆ ಕಾರಣ ಒಂದು ಬಿಳಿ ಸ್ವಿಫ್ಟ್.

ಶಿರಸಿಯಲ್ಲಿ ನಾವಿರೋ ಓಣಿ ಎಷ್ಟು ಅಗಲ ಅಂದರೆ, ಎದುರುಬದುರು ಎರಡು ಆಟೋ ಬಂದರೆ ಒಂದು ಹಿಂದಕ್ಕೆ ಹೋಗಬೇಕು. ಈ ಮನೆಗಳನ್ನು ಕಟ್ಟಿದವರ ತಲೆಯಲ್ಲಿ ಇದ್ದದ್ದು ಸೈಕಲ್ಲು, ಹೆಚ್ಚೆಂದರೆ ಒಂದು ಎಂ-80. ಈಗ ಮನೆಗೊಂದು ಕಾರು. ಒಳಗೆ ಜಾಗ ಇಲ್ಲ, ಹಾಗಾಗಿ ಎಲ್ಲ ಹೊರಗೆ.

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ಅಪ್ಪನಿಗೆ ಎದೆನೋವು. ಅವರನ್ನು ಕಾರಲ್ಲಿ ಕೂರಿಸಿ ಗೇಟು ತೆಗೆದರೆ ಎದುರಿಗೇ ಬಿಳಿ ಸ್ವಿಫ್ಟು! ಹಾರ್ನ್ ಹೊಡೆದೆ. ಮೂರು ಮನೆಯ ನಾಯಿಗಳು ಎದ್ದವು, ಮನುಷ್ಯರು ಏಳಲಿಲ್ಲ. ಕೂಗೋಣ ಅಂದರೆ ಆ ಮನೆಯವರ ಹೆಸರೇ ಗೊತ್ತಿಲ್ಲ. ಎಂಟು ತಿಂಗಳಿಂದ ನಮ್ಮ ಮನೆಯಲ್ಲಿ ಅವರು ‘ಬಿಳಿ ಸ್ವಿಫ್ಟಿನವರು’ ಅಷ್ಟೇ. ಬಹುಶಃ ಅವರ ಮನೆಯಲ್ಲಿ ನಾವು ‘ಹಳೇ ಆಲ್ಟೋದವರು’. ಬಾಗಿಲು ಬಡಿದು, ಅವರು ಎದ್ದು, ಕೀಲಿ ಹುಡುಕಿ, ಗಾಡಿ ತೆಗೆಯೋವಷ್ಟರಲ್ಲಿ ಹತ್ತು ನಿಮಿಷ ಹೋಯ್ತು.

ಗ್ಯಾಸ್ಟ್ರಿಕ್ ಅಂದರು ಡಾಕ್ಟರು. ಅಪ್ಪ ಮರುದಿನ ಕವಳ ಹಾಕಿಕೊಂಡು ಜಗುಲಿ ಮೇಲೆ ಕೂತಿದ್ದರು. ಆದರೆ ಗ್ಯಾಸ್ಟ್ರಿಕ್ ಅಲ್ಲದಿದ್ದರೆ? ಇಲ್ಲಿಂದ ಹುಬ್ಬಳ್ಳಿಗೆ ನೂರು ಕಿಲೋಮೀಟರಿನ ದಾರಿ. 2022ರ ಜುಲೈನಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ಹೊರಟಿದ್ದ ಆಂಬುಲೆನ್ಸ್ ಶಿರೂರು ಟೋಲಿನಲ್ಲಿ ಅಪಘಾತಕ್ಕೆ ಸಿಕ್ಕ ಮೇಲೆ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ನಾವೆಲ್ಲ ಎಷ್ಟು ಬರೆದೆವು, ನೆನಪಿದೆಯಾ? ನಾನೂ ಬರೆದಿದ್ದೆ. ಆಸ್ಪತ್ರೆಯನ್ನು ಸರ್ಕಾರ ಕೊಡಬೇಕು, ಸರಿ. ನನ್ನ ಗೇಟಿನ ಮುಂದಿನ ಹತ್ತಡಿ ಜಾಗ? ಅದನ್ನು ಕೇಳೋಕೆ ನನಗೆ ಬಾಯಿ ಬಂದಿರಲಿಲ್ಲ.

ಅವರದ್ದು ತಪ್ಪು ಅಂತ ಬರೆದು ಮುಗಿಸಬಹುದಿತ್ತು. ಆದರೆ ಮರುದಿನ ಅವರೇ ಬಂದು, “ಅಪ್ಪಾರು ಹೆಂಗದಾರ್ರಿ? ಶುರುವಿಗೇ ಕೇಳಿದ್ನೆಲ್ರಿ ನಿಮ್ಮನ್ನ, ಇಲ್ಲಿ ನಿಲ್ಲಸಲೇನು ಅಂತ. ಅಡ್ಡಿಲ್ಲ ಅಂದಿದ್ರಿ...” ಅಂದರು. ಹಾವೇರಿ ಕಡೆಯವರು, ಸ್ವರದಲ್ಲಿ ಜಗಳ ಇರಲಿಲ್ಲ. ನಾನು ಅಂದದ್ದೂ ನಿಜ.

ನಮ್ಮ ಸೀಮೆಯಲ್ಲಿ ‘ಅಡ್ಡಿಲ್ಲೆ’ ಅನ್ನೋ ಮಾತಿಗೆ ಎಷ್ಟು ಅರ್ಥ ಅಂತ ಹೊರಗಿನವರಿಗೆ ತಿಳಿಯೋದು ಕಷ್ಟ. ಪಾಯಸ ಚೆನ್ನಾಗಿದ್ದರೆ ಅಡ್ಡಿಲ್ಲೆ. ಇನ್ನೂ ಬಡಿಸಬೇಕಾ ಅಂದರೆ ಅಡ್ಡಿಲ್ಲೆ. ಮೈಯೆಲ್ಲ ಉರೀತಾ ಇದ್ದರೂ ಅಡ್ಡಿಲ್ಲೆ! ಗಾಡಿ ಅಡ್ಡ ನಿಂತಿದ್ದರೂ ಅಡ್ಡಿಲ್ಲೆ. ಹೇಳಿ, ಆಮೇಲೆ ಅಡುಗೆಮನೆಯಲ್ಲಿ ಹೆಂಡತಿಯ ಹತ್ತಿರ ಗೊಣಗೋದು, ಹಾಲು ತರೋಕೆ ಹೋದಲ್ಲಿ ಮೂರನೆಯವರಿಗೆ ಹೇಳೋದು. ಇದನ್ನೇ ನಾವು ಸೌಜನ್ಯ ಅಂದುಕೊಂಡಿದ್ದೇವೆ. ನನಗೀಗ ಅದು ಸೌಜನ್ಯ ಅಲ್ಲ, ಅಂಜುಬುರುಕತನ ಅನ್ನಿಸ್ತಿದೆ. ಎದುರಿನವರಿಗೆ ತಿದ್ದಿಕೊಳ್ಳೋ ಅವಕಾಶವನ್ನೇ ಕೊಡದೆ ಒಳಗೊಳಗೇ ಅವರನ್ನು ಕೆಟ್ಟವರನ್ನಾಗಿ ಮಾಡಿಬಿಡ್ತೀವಿ.

ಬೆಂಗಳೂರಲ್ಲಿದ್ದಾಗ ನೋಡಿದ ಇನ್ನೊಂದು ದಾರಿ, ವೈಪರಿಗೆ ಚೀಟಿ ಸಿಕ್ಕಿಸೋದು. ‘ದಯವಿಟ್ಟು’ ಅಂತ ಶುರುವಾದರೂ ಚೀಟಿಗೆ ಮುಖ ಇರಲ್ಲ, ಓದಿದವನಿಗೆ ಬೈದ ಹಾಗೇ ಕೇಳತ್ತೆ. ಕಾನೂನೂ ಇದೆ. 2017ರ ವಾಹನ ಚಾಲನಾ ನಿಯಮಗಳ ಪ್ರಕಾರ ಬೇರೆಯವರ ಮನೆಬಾಗಿಲಿಗೆ ಅಡ್ಡ ನಿಲ್ಲಿಸೋ ಹಾಗಿಲ್ಲ. ಪೊಲೀಸರಿಗೆ ಫೋನ್ ಮಾಡಬಹುದು. ಆದರೆ ನಾಳೆ ಬೆಳಿಗ್ಗೆ ಅದೇ ಮುಖ ನೋಡಬೇಕಲ್ಲ ಮಾರಾಯ್ರೆ!

ತಮಾಷೆ ಅಂದರೆ, ಬಾಯಲ್ಲಿ ಹೇಳೋದು ನಮಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ಉಪನಯನವೋ ಮದುವೆಯೋ ಬಂದರೆ ಸಿದ್ದಾಪುರದಿಂದ ಯಲ್ಲಾಪುರದವರೆಗೆ ಮನೆಮನೆಗೆ ಹೋಗಿ, ಅಕ್ಷತೆ ಕೊಟ್ಟು, ಆಸರಿ ಕುಡಿದು ಕರೆದು ಬರ್ತೀವಿ. ಫೋನಲ್ಲಿ ಕರೆದರೆ ಮುನಿಸಿಕೊಳ್ಳೋರು ಇನ್ನೂ ಇದ್ದಾರೆ. ಅಷ್ಟು ದೂರ ಹೋಗಿ ಹೇಳುವವರು ಎದುರುಮನೆಯ ಮೆಟ್ಟಿಲು ಹತ್ತಿ “ಗೇಟಿನ ಮುಂದೊಂದು ಬಿಟ್ಟು ನಿಲ್ಲಿಸಿ” ಅನ್ನೋಕೆ ಯಾಕೆ ಹಿಂಜರೀತೀವಿ? ಹೇಳೋದಿದ್ದರೆ ಮೊದಲ ವಾರವೇ ಹೇಳಬೇಕು, ಸಿಟ್ಟು ಬರೋ ಮುಂಚೆ. ಎಂಟು ತಿಂಗಳಾದ ಮೇಲೆ ಎಷ್ಟು ಮೆತ್ತಗೆ ಹೇಳಿದರೂ ಅದು ಜಗಳವೇ.

ಊರಮನೆಗಳ ಕಾರ್ಯದಲ್ಲಂತೂ ಇದು ದೊಡ್ಡ ತಾಪತ್ರಯ. ತೋಟದ ದಾರಿಯ ಎರಡೂ ಬದಿ ಕಾರು, ನಡುವೆ ಅಡಿಕೆ ತುಂಬಿದ ಪಿಕ್ಅಪ್ ಸಿಕ್ಕಿಬಿದ್ದಿರತ್ತೆ. ಊಟದ ಪಂಕ್ತಿಯಲ್ಲಿ ಮೈಕು: “ಕೆ.ಎ. 31, ಬೂದು ಬಣ್ಣದ ಕಾರಿನವರು ಎಲ್ಲಿದ್ದರೂ ಬರಬೇಕು...” ಕಾರಿನವರು ಹೋಳಿಗೆ ಮುಗಿಸಿಯೇ ಏಳೋದು.

ಬಿಳಿ ಸ್ವಿಫ್ಟಿನವರ ಹೆಸರು, ನಂಬರು ಈಗ ನನ್ನ ಫೋನಲ್ಲಿದೆ, ನನ್ನದು ಅವರ ಹತ್ತಿರ. ಗಾಡಿ ನಾಲ್ಕಡಿ ಆಚೆ ನಿಲ್ತಿದೆ. ಮೊನ್ನೆ ಮರೆತು ಮತ್ತೆ ಗೇಟಿಗೇ ನಿಲ್ಲಿಸಿದ್ದರು. ಬಾಗಿಲು ತಟ್ಟಿದೆ. “ತೊಂದ್ರಿ ಆತೇನ್ರಿ?” ಅಂದರು. ಅಡ್ಡಿಲ್ಲ ಅನ್ನೋದು ನಾಲಿಗೆ ತುದಿವರೆಗೆ ಬಂತು. ನುಂಗಿಕೊಂಡು “ಹೌದ್ರಿ, ಆತು” ಅಂದೆ. ಕೀಲಿ ತಗೊಂಡು ಹೊರಟರು, ವಾಪಸ್ ಬರ್ತಾ “ಚಾ ಕುಡಿದು ಹೋಗ್ರಿ” ಅಂದರು. ಮುಂದಿನ ವಾರ ನಮ್ಮಲ್ಲಿ ದೇವಕಾರ್ಯ ಇದೆ, ಹದಿನೈದು ಕಾರಾದರೂ ಬರತ್ತೆ. ಚಾ ಕುಡೀತಾ ಅದನ್ನೂ ಹೇಳಿದೆ. ಇನ್ನು ಎಡಗಡೆಯ ಎರಡು ಮನೆ ಬಾಕಿ, ಅವರ ಹೆಸರೂ ಗೊತ್ತಿಲ್ಲ.