ಇಳಿಯದ ಜ್ವರ ಮತ್ತು ಕೇಳದೆ ಉಳಿದ ಫೆರಿಟಿನ್

ಜ್ವರದಿಂದ ಆಸ್ಪತ್ರೆಗೆ ದಾಖಲಾಗುವ ವಯಸ್ಕರಲ್ಲಿ ಬಹುಪಾಲು ಮಂದಿಗೆ ಸೋಂಕೇ ಕಾರಣ. ಆದ್ದರಿಂದ ರಕ್ತವನ್ನು ಕಲ್ಚರ್‌ಗೆ ಕಳುಹಿಸಿ ಆಂಟಿಬಯಾಟಿಕ್ ಆರಂಭಿಸುವುದು ಸರಿಯಾದ ಕ್ರಮವೇ. ಪ್ರಶ್ನೆ ಏಳುವುದು ಐದಾರು ದಿನಗಳ ಅನಂತರ. ಕಲ್ಚರ್‌ನಲ್ಲಿ ಏನೂ ಬೆಳೆದಿಲ್ಲ. ಔಷಧ ಎರಡು ಬಾರಿ ಬದಲಾಗಿದೆ. ಜ್ವರ ಮಾತ್ರ ಇಳಿದಿಲ್ಲ. ಹಿಮೋಗ್ಲೋಬಿನ್, ಬಿಳಿ ರಕ್ತಕಣ, ಪ್ಲೇಟ್‌ಲೆಟ್‌ಗಳು ದಿನದಿಂದ ದಿನಕ್ಕೆ ಕುಸಿಯುತ್ತಿವೆ. ಆದರೂ ಕೇಸ್‌ಶೀಟಿನಲ್ಲಿ ಮೊದಲ ದಿನ ಬರೆದ ‘ಸೆಪ್ಸಿಸ್’ ಎಂಬ ಪದವೇ ಮುಂದುವರಿಯುತ್ತಿರುತ್ತದೆ. ಈ ಹಂತದಲ್ಲಿ ಕೇಳಲೇಬೇಕಾದ, ಆದರೆ ಅನೇಕ ವೇಳೆ ತಡವಾಗಿ ಕೇಳಲಾಗುವ ಪ್ರಶ್ನೆಯೊಂದಿದೆ: ಇದು ಎಚ್‌ಎಲ್‌ಎಚ್ ಇರಬಹುದೇ?

ಹಿಮೋಫ್ಯಾಗೊಸೈಟಿಕ್ ಲಿಂಫೋಹಿಸ್ಟಿಯೋಸೈಟೋಸಿಸ್ ಎಂಬುದು ಇದರ ಪೂರ್ಣ ಹೆಸರು. ಹೆಸರು ಕ್ಲಿಷ್ಟವಾದರೂ ಒಳಗಿನ ಸಂಗತಿ ಅಷ್ಟು ಕ್ಲಿಷ್ಟವಲ್ಲ. ಆರೋಗ್ಯವಂತ ದೇಹದಲ್ಲಿ ರಕ್ಷಣಾ ಕಣಗಳು ಸೋಂಕಿನ ವಿರುದ್ಧ ಹೋರಾಡಿ, ಕೆಲಸ ಮುಗಿದೊಡನೆ ಶಾಂತವಾಗುತ್ತವೆ. ಈ ರೋಗದಲ್ಲಿ ಆ ಶಾಂತಿ ಬರುವುದೇ ಇಲ್ಲ. ಟಿ ಕಣಗಳೂ ಮ್ಯಾಕ್ರೋಫೇಜ್‌ಗಳೂ ಒಂದನ್ನೊಂದು ಕೆರಳಿಸುತ್ತ ಉರಿಯೂತದ ರಾಸಾಯನಿಕಗಳನ್ನು ಎಡೆಬಿಡದೆ ಸುರಿಸುತ್ತವೆ. ಕೆರಳಿದ ಮ್ಯಾಕ್ರೋಫೇಜ್‌ಗಳು ಅಸ್ಥಿಮಜ್ಜೆಯಲ್ಲಿ, ಗುಲ್ಮದಲ್ಲಿ, ಯಕೃತ್ತಿನಲ್ಲಿ ನಮ್ಮದೇ ರಕ್ತಕಣಗಳನ್ನು ನುಂಗತೊಡಗುತ್ತವೆ.

ಆನುವಂಶಿಕವಾಗಿ ಬರುವ ಈ ರೋಗವನ್ನು 1952ರಲ್ಲಿ ಫಾರ್ಕರ್ ಮತ್ತು ಕ್ಲೇರೋ ಎಂಬ ವೈದ್ಯರು ಶಿಶುಗಳಲ್ಲಿ ಗುರುತಿಸಿ ವರದಿ ಮಾಡಿದರು. ಹೀಗಾಗಿ ಇದು ಮಕ್ಕಳ ರೋಗವೆಂಬ ಭಾವನೆ ಬಹುಕಾಲ ಉಳಿಯಿತು. ವಾಸ್ತವದಲ್ಲಿ ಇದು ಯಾವ ವಯಸ್ಸಿನಲ್ಲೂ ಬರಬಹುದು. ವಯಸ್ಕರಲ್ಲಿ ಸಾಮಾನ್ಯವಾಗಿ ಇದರ ಹಿಂದೆ ಇನ್ನೊಂದು ಕಾಯಿಲೆ ಅಡಗಿರುತ್ತದೆ: ಲಿಂಫೋಮಾ, ಎಪ್‌ಸ್ಟೀನ್-ಬಾರ್ ವೈರಸ್, ಲೂಪಸ್, ಸ್ಟಿಲ್ಸ್ ಕಾಯಿಲೆ, ನಮ್ಮ ನಾಡಿನ ಮಟ್ಟಿಗೆ ಕ್ಷಯ, ಡೆಂಗಿ, ಸ್ಕ್ರಬ್ ಟೈಫಸ್‌ಗಳೂ ಈ ಪಟ್ಟಿಗೆ ಸೇರುತ್ತವೆ.

ಇದು ವಿರಳ ರೋಗ, ನಿಜ. ಆದರೆ ಚಿಕಿತ್ಸೆಯಿಲ್ಲದೆ ಬಿಟ್ಟರೆ ಬಹುತೇಕ ಮಾರಕ. ಚಿಕಿತ್ಸೆ ದೊರೆತ ವಯಸ್ಕರಲ್ಲೂ ಸಾವಿನ ಪ್ರಮಾಣ ಹೆಚ್ಚು. ತಡವಾದಷ್ಟೂ ಅಂಗಾಂಗಗಳು ಸೋಲುತ್ತವೆ. ಹೀಗಿರುವಾಗ ಅದರ ಸುಳಿವು ನೀಡುವ ಪರೀಕ್ಷೆ ಮಾತ್ರ ತೀರ ಸಾಮಾನ್ಯವಾದದ್ದು. ಅದು ಸೀರಂ ಫೆರಿಟಿನ್.

ಫೆರಿಟಿನ್ ಎಂದರೆ ರಕ್ತಹೀನತೆಯಲ್ಲಿ ಕಬ್ಬಿಣದ ಸಂಗ್ರಹವನ್ನು ಅಳೆಯುವ ಪರೀಕ್ಷೆ ಎಂದೇ ನಾವೆಲ್ಲ ಕಲಿತವರು. ಆದ್ದರಿಂದ ಜ್ವರದ ರೋಗಿಗೆ ಅದನ್ನು ಬರೆಯಲು ಕೈ ತಾನಾಗಿ ಹೋಗುವುದಿಲ್ಲ. ಉರಿಯೂತ ಹದ್ದು ಮೀರಿದಾಗಲೂ ಅದು ಏರುತ್ತದೆ. ಸಾಮಾನ್ಯವಾಗಿ ಕೆಲವು ನೂರನ್ನು ದಾಟದ ಸಂಖ್ಯೆ ಈ ರೋಗದಲ್ಲಿ ಸಾವಿರಗಳಿಗೆ, ಕೆಲವೊಮ್ಮೆ ಹತ್ತಾರು ಸಾವಿರಗಳಿಗೆ ಮುಟ್ಟುತ್ತದೆ. ನಾನು ಕೆಲಸ ಮಾಡುವ ಬ್ರಿಟನ್ನಿನಲ್ಲಿ ಕಿರಿಯ ವೈದ್ಯರಿಗೆ ಮೂರು ಅಂಶಗಳನ್ನು ನೆನಪಿಡಲು ಹೇಳಿಕೊಡುತ್ತೇವೆ: ಬಿಡದ ಜ್ವರ, ಕುಸಿಯುವ ರಕ್ತಕಣ, ಏರುವ ಫೆರಿಟಿನ್. ಇವು ಮೂರೂ ಕೂಡಿದರೆ ಟ್ರೈಗ್ಲಿಸರೈಡ್, ಫೈಬ್ರಿನೋಜೆನ್, ಯಕೃತ್ತಿನ ಪರೀಕ್ಷೆ ಮಾಡಿಸಬೇಕು, ಗುಲ್ಮದ ಗಾತ್ರ ನೋಡಬೇಕು, ಅಂದೇ ರಕ್ತರೋಗ ತಜ್ಞರನ್ನು ಕರೆಯಬೇಕು. 2014ರಲ್ಲಿ ಪ್ರಕಟವಾದ ‘ಎಚ್‌ಸ್ಕೋರ್’ ಎಂಬ ಲೆಕ್ಕಾಚಾರ ಇಂಥ ಒಂಬತ್ತು ಅಂಶಗಳನ್ನು ಕೂಡಿಸಿ ರೋಗದ ಸಂಭವವನ್ನು ಅಂದಾಜಿಸುತ್ತದೆ.

ಇದಕ್ಕೆ ಎರಡು ಆಕ್ಷೇಪಗಳನ್ನು ಕೇಳಿದ್ದೇನೆ. ಮೊದಲನೆಯದು, ಯಕೃತ್ತು ಅಥವಾ ಮೂತ್ರಪಿಂಡ ಸೋತವರಲ್ಲಿ, ಪದೇ ಪದೇ ರಕ್ತ ಪಡೆದವರಲ್ಲಿಯೂ ಫೆರಿಟಿನ್ ಏರುತ್ತದೆಯಲ್ಲ ಎಂಬುದು. ಏರುತ್ತದೆ. ಆದ್ದರಿಂದಲೇ ಒಂದು ಸಂಖ್ಯೆಯನ್ನಲ್ಲ, ಅದರ ಗತಿಯನ್ನು ನೋಡಬೇಕು. ಎರಡು ದಿನಗಳಲ್ಲಿ ಇಮ್ಮಡಿಯಾದ ಫೆರಿಟಿನ್, ಅದರ ಜೊತೆಯಲ್ಲೇ ಇಳಿಯುತ್ತಿರುವ ಪ್ಲೇಟ್‌ಲೆಟ್ ಮತ್ತು ಫೈಬ್ರಿನೋಜೆನ್ ಹೇಳುವ ಕಥೆಯೇ ಬೇರೆ. ಫೈಬ್ರಿನೋಜೆನ್ ಇಳಿದಾಗ ಇಎಸ್‌ಆರ್ ಕೂಡ ಇಳಿಯುವುದರಿಂದ, ರೋಗಿ ಹದಗೆಡುತ್ತಿರುವಾಗಲೇ ವರದಿ ಸುಧಾರಿಸಿದಂತೆ ಕಾಣುವ ಅಪಾಯವೂ ಇದೆ.

ಎರಡನೆಯದು, ಸೋಂಕಿರುವ ದೇಹಕ್ಕೆ ಸ್ಟಿರಾಯ್ಡ್ ಕೊಡುವ ಭಯ. ಈ ಭಯ ನಿರಾಧಾರವಲ್ಲ. ಹಿಂದಿರುವ ಮೂಲ ಕಾಯಿಲೆಯ ಹುಡುಕಾಟ ನಿಲ್ಲಬಾರದು: ಸ್ಕ್ರಬ್ ಟೈಫಸ್‌ಗೆ ಡಾಕ್ಸಿಸೈಕ್ಲಿನ್, ಕ್ಷಯಕ್ಕೆ ಅದರದೇ ಔಷಧ ಬೇಕೇ ಬೇಕು. ಲಿಂಫೋಮಾದ ಶಂಕೆಯಿದ್ದರೆ ಸ್ಟಿರಾಯ್ಡ್‌ಗೆ ಮುನ್ನವೇ ಬಯಾಪ್ಸಿ ಮಾಡಿಸುವುದು ಉತ್ತಮ, ಏಕೆಂದರೆ ಸ್ಟಿರಾಯ್ಡ್ ಅದರ ಗುರುತನ್ನು ಅಳಿಸಿಬಿಡಬಹುದು. ಆದರೆ ರೋಗಿ ಕಣ್ಣೆದುರೇ ಕುಸಿಯುತ್ತಿರುವಾಗ ಅಸ್ಥಿಮಜ್ಜೆಯ ವರದಿಗಾಗಿ ಕಾಯುತ್ತ ಕೂರುವುದು ಎಚ್ಚರಿಕೆಯಲ್ಲ. ಕಣ ನುಂಗುವ ದೃಶ್ಯ ಸೂಕ್ಷ್ಮದರ್ಶಕದಲ್ಲಿ ಕಾಣದಿದ್ದರೂ ರೋಗವಿರಬಹುದು. ಕಂಡ ಮಾತ್ರಕ್ಕೆ ರೋಗವೆಂದೂ ಅಲ್ಲ. ಉರಿಯೂತವೇ ಕೊಲ್ಲಬಲ್ಲದು ಎಂಬುದನ್ನು ಕೋವಿಡ್ ನಮಗೆಲ್ಲ ಕಲಿಸಿದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗವು, ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಸಾವನ್ನು ಡೆಕ್ಸಾಮೆಥಸೋನ್‌ನಂಥ ಅಗ್ಗದ ಔಷಧ ತಗ್ಗಿಸುತ್ತದೆಂದು ತೋರಿಸಿತು. ಎಚ್‌ಎಲ್‌ಎಚ್‌ನಲ್ಲೂ ಸ್ಟಿರಾಯ್ಡ್‌ಗಳೇ ಮೊದಲ ಆಸರೆ. ಅಗತ್ಯವಿದ್ದಾಗ ಅನಾಕಿನ್ರಾ, ಇಮ್ಯುನೋಗ್ಲೋಬ್ಯುಲಿನ್, ಎಟೊಪೊಸೈಡ್‌ಗಳಿವೆ.

ಹೊರನಾಡಿನಲ್ಲಿರುವ ಕನ್ನಡ ವೈದ್ಯರೆಲ್ಲರಿಗೂ ಒಂದು ಅನುಭವ ಸಮಾನ. ಮಳೆಗಾಲ ಬಂತೆಂದರೆ ಊರಿನಿಂದ ರಾತ್ರೋರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ರಕ್ತಪರೀಕ್ಷೆಯ ವರದಿಗಳು ಬರುತ್ತವೆ. ‘ಪ್ಲೇಟ್‌ಲೆಟ್ ಎಷ್ಟಿರಬೇಕು ಡಾಕ್ಟ್ರೇ?’ ಎಂಬುದೊಂದೇ ಪ್ರಶ್ನೆ. ಡೆಂಗಿಯಲ್ಲಿ ಜ್ವರ ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ವಾರ ಕಳೆದರೂ ಇಳಿಯದೆ, ಪ್ಲೇಟ್‌ಲೆಟ್ ಜೊತೆಗೆ ಹಿಮೋಗ್ಲೋಬಿನ್ನೂ ಬಿಳಿಕಣಗಳೂ ಬೀಳುತ್ತಿದ್ದರೆ, ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನು ‘ಫೆರಿಟಿನ್ ನೋಡಿದ್ದೀರಾ ಸಾರ್?’ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ.

ಇನ್ನೊಂದು ಮಾತು, ತಂದೆತಾಯಿಯರನ್ನು ವಿದೇಶಕ್ಕೆ ಕರೆಸಿಕೊಳ್ಳುವವರಿಗೆ. ಅವರಿಗೆ ಇಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದರೆ, ಎಂದು ಹೊರಟರು, ಹೊಲ ಗದ್ದೆ ತೋಟಗಳಲ್ಲಿ ಓಡಾಡಿದ್ದರೇ, ಹಿಂದೆ ಕ್ಷಯ ಬಂದಿತ್ತೇ, ಮೈಮೇಲೆ ಎಲ್ಲಾದರೂ ಸುಟ್ಟಂತಹ ಕಪ್ಪು ಹಕ್ಕಳೆ ಇದೆಯೇ ಎಂಬುದನ್ನು ಮೊದಲ ದಿನವೇ ತಿಳಿಸಿ. ಸ್ಕ್ರಬ್ ಟೈಫಸ್ ಕಂಡೇ ಇರದ ವೈದ್ಯರಿಗೆ ಈ ವಿವರವೇ ದಾರಿ ತೋರಬಹುದು.

ಕಾರಣ ತಿಳಿಯದ ಜ್ವರದೊಂದಿಗೆ ಎರಡು ಬಗೆಯ ರಕ್ತಕಣಗಳು ಕುಸಿಯುತ್ತಿರುವ ಪ್ರತಿಯೊಬ್ಬ ಒಳರೋಗಿಗೂ ಫೆರಿಟಿನ್ ಪರೀಕ್ಷೆ ಆಗಲೇಬೇಕು, ಬೇಕಾದರೆ ಮರುಕಳಿಸಲೂಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಹತ್ತಾರು ಬಾರಿ ಅದು ನಮ್ಮ ಶಂಕೆಯನ್ನು ಅಲ್ಲಗಳೆಯಬಹುದು; ಅದರಿಂದ ಯಾರಿಗೂ ನಷ್ಟವಿಲ್ಲ. ಅಲ್ಲಗಳೆಯದ ಆ ಒಂದು ಬಾರಿ, ಚಿಕಿತ್ಸೆಗೆ ಇನ್ನೂ ಸಮಯ ಉಳಿದಿರುತ್ತದೆ.